ಯೀಸ್ಟಿನ ಹಾಪ್-1 ಪ್ರೋಟೀನು: ಬೆಂಗಳೂರಿನ ಸಂಶೋಧನೆಯ ಒಂದು ವಿಮರ್ಶೆ

ಎಮ್ಮಿಗನೂರು, ಕಂಪ್ಲಿಗಳ ಕಡೆಯಿಂದ ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆತನಗಳವರು. ಅನುವಂಶೀಯತೆಯ ಪಾಠದಲ್ಲಿ ಯೀಸ್ಟಿನ ಮಾತು ಬಂದಾಗಲೆಲ್ಲ ಅವರಲ್ಲಿ ಒಬ್ಬರಲ್ಲ ಒಬ್ಬರು, ‘ಬ್ರೆಡ್ಡನ್ನು ಉಬ್ಬಿಸುವ ಈ ಜೀವಿಗೂ ನಮ್ಮ ಗದ್ದೆಗೂ ಏನು ಸಂಬಂಧ, ಸಾರ್?’ ಎಂದು ಕೇಳದೆ ಬಿಡುವುದಿಲ್ಲ. ಪ್ರಶ್ನೆ ನ್ಯಾಯವಾದುದೇ. ಯೀಸ್ಟಿನಲ್ಲಿ ಹಾಪ್-1 ಎಂಬ ಪ್ರೋಟೀನು ಇದೆ. ಅದಕ್ಕೆ ಸಂವಾದಿಯಾದುದು ಭತ್ತದಲ್ಲಿ ಪೇರ್-2. ಈ ಪೇರ್-2 ಜೀನು ಕೆಟ್ಟ ಭತ್ತದ ಗಿಡದಲ್ಲಿ ತಂದೆಯ ಕಡೆಯ ಮತ್ತು ತಾಯಿಯ ಕಡೆಯ ವರ್ಣತಂತುಗಳು ಜೋಡಿಗೂಡುವುದಿಲ್ಲವೆಂದು 2004ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ಗಿಡ ಸೊಂಪಾಗಿಯೇ ಬೆಳೆಯುತ್ತದೆ. ತೆನೆಯಲ್ಲಿ ಮಾತ್ರ ಕಾಳು ಕಟ್ಟುವುದಿಲ್ಲ. ಜೊಳ್ಳಿನ ಕಷ್ಟವನ್ನು ಬಲ್ಲ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಾಗದು.

ಈ ಹಾಪ್-1 ಪ್ರೋಟೀನನ್ನು ಕುರಿತು ನಮ್ಮ ರಾಜ್ಯದಲ್ಲಿಯೇ ದೀರ್ಘಕಾಲ ಸಂಶೋಧನೆ ನಡೆದಿದೆಯೆಂಬುದು ಅನೇಕರಿಗೆ ತಿಳಿದಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರೊ. ಕೆ. ಮುನಿಯಪ್ಪನವರೂ ಅವರ ಸಹೋದ್ಯೋಗಿಗಳೂ ಕೈಗೊಂಡ ಆ ಕಾರ್ಯದ ಬೆಲೆಯನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಡಿ.ಎನ್.ಎ.ಯ ಎರಡು ಎಳೆಗಳೂ ಒಂದೇ ಕಡೆ ತುಂಡಾದಾಗ ಕಣವು ಅದೇ ಬರಹವುಳ್ಳ ಇನ್ನೊಂದು ಅಣುವನ್ನು ಮಾದರಿಯಾಗಿಟ್ಟುಕೊಂಡು ಮುರಿದುದನ್ನು ತುಂಬಿಕೊಳ್ಳುತ್ತದೆ. ಗೆದ್ದಲು ತಿಂದ ಓಲೆಗರಿಯ ಪಾಠವನ್ನು ಬೇರೊಂದು ಪ್ರತಿಯ ಸಹಾಯದಿಂದ ಪೂರ್ಣಗೊಳಿಸುವ ಸಂಪಾದಕನ ಕೆಲಸವೂ ಇಂಥದೇ. ಆ ಪ್ರತಿಯ ಪಾಠಾಂತರಗಳು ಈ ಪ್ರತಿಗೆ ನುಸುಳುವುದೂ ಹೀಗೆಯೇ. 1983ರಲ್ಲಿ ಶೋಸ್ಟಾಕ್, ಆರ್-ವೀವರ್, ರಾಥ್‌ಸ್ಟೈನ್, ಸ್ಟಾಲ್ ಎಂಬ ನಾಲ್ವರು ಯೀಸ್ಟಿನ ಆಧಾರದ ಮೇಲೆ ಮಂಡಿಸಿದ ಸಿದ್ಧಾಂತದ ತಿರುಳು ಇದು: ದುರಸ್ತಿ ಬೇರೆಯಲ್ಲ, ಪುನಸ್ಸಂಯೋಜನೆ ಬೇರೆಯಲ್ಲ. ನಮ್ಮ ಪಠ್ಯಗಳು ಇವೆರಡನ್ನೂ ಎರಡು ಅಧ್ಯಾಯಗಳಲ್ಲಿಟ್ಟು ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತವೆ ಎಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೀಜಕಣಗಳನ್ನು ಹುಟ್ಟಿಸುವ ಮಿಯಾಸಿಸ್ ವಿಭಜನೆಯಲ್ಲಿ ಯೀಸ್ಟು ಆಕಸ್ಮಿಕಕ್ಕಾಗಿ ಕಾಯುವುದಿಲ್ಲ. ಸ್ಪೋ-11 ಎಂಬ ಪ್ರೋಟೀನಿನಿಂದ ತನ್ನ ಡಿ.ಎನ್.ಎ.ಯನ್ನು ತಾನೇ ಸುಮಾರು 160 ಕಡೆ ತುಂಡರಿಸಿಕೊಳ್ಳುತ್ತದೆ. ಕತ್ತರಿ ಇದೇ ಎಂಬುದು 1997ರಲ್ಲಿ ತಿಳಿಯಿತು. ಅನಂತರ ಪಕ್ಕದಲ್ಲಿಯೇ ಇರುವ ಸೋದರಿ ಎಳೆಯನ್ನು ಬಿಟ್ಟು, ದೂರದ ಸಮರೂಪಿ ವರ್ಣತಂತುವನ್ನು ಹುಡುಕಿ ಅದರಿಂದ ದುರಸ್ತಿ ಪಡೆಯುತ್ತದೆ. ಈ ಹುಡುಕಾಟ ವಿಫಲವಾದರೆ ಬೀಜಕಣಗಳು ಬಹುಮಟ್ಟಿಗೆ ಸಾಯುತ್ತವೆ.

ಹಾಪ್-1 ಕಾರ್ಯಮಾಡುವುದು ಇಲ್ಲಿಯೇ. 1990ರಲ್ಲಿ ಹಾಲಿಂಗ್ಸ್‌ವರ್ತ್, ಗೋಚ್, ಬೈಯರ್ಸ್ ಎಂಬವರು ಇದರ ಜೀನನ್ನು ಓದಿ, ಇದು ಮಿಯಾಸಿಸ್ ಕಾಲದ ವರ್ಣತಂತುವಿನ ಅಂಗವೆಂದು ತೋರಿಸಿದರು. ಪ್ರೋಟೀನಿನಲ್ಲಿ 605 ಅಮೈನೊ ಆಮ್ಲಗಳಿವೆ. ನಡುವೆ ಸತುವನ್ನು ಹಿಡಿಯಬಲ್ಲ ‘ಬೆರಳಿನ’ ಭಾಗವೊಂದಿದೆ. ಮುನಿಯಪ್ಪ, ಅನುರಾಧಾ ಇವರು ಬೈಯರ್ಸ್ ಅವರೊಡನೆ 2000ದಲ್ಲಿ ಪ್ರಕಟಿಸಿದ ಪ್ರಬಂಧದ ನಿರ್ಣಯವೆಂದರೆ, ಶುದ್ಧೀಕರಿಸಿದ ಹಾಪ್-1 ಗ್ವಾನೀನು ಚತುಷ್ಕಗಳುಳ್ಳ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ ಮತ್ತು ಅಂಥ ರಚನೆ ಏರ್ಪಡಲು ನೆರವಾಗುತ್ತದೆ ಎಂಬುದು. ನಾಲ್ಕು ಗ್ವಾನೀನುಗಳು ಚೌಕಾಕಾರವಾಗಿ ಕೈಹಿಡಿದು ಒಂದರ ಮೇಲೊಂದು ಹಾಸಿಕೊಂಡರೆ ಆ ರಚನೆ ಆಗುತ್ತದೆ. 2004ರಲ್ಲಿ ಅನುರಾಧಾ ಮತ್ತು ಮುನಿಯಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ನಡುವೆ ಗ್ವಾನೀನುಗಳ ಸಾಲುಳ್ಳ ಎರಡು ಜೋಡಿಯೆಳೆ ಅಣುಗಳನ್ನು ಹಾಪ್-1 ಈ ಚತುಷ್ಕಗಳ ಮೂಲಕ ಒಂದಕ್ಕೊಂದು ಜೋಡಿಸಿತು. 2017ರ ಪ್ರಬಂಧವು ಹಾಪ್-1ರ ಜೊತೆಗಾರನಾದ ರೆಡ್-1 ಈ ಜೋಡಣೆಯನ್ನು ಹೆಚ್ಚಿಸುತ್ತದೆಂದು ಹೇಳುತ್ತದೆ.

ಪ್ರಯೋಗಗಳ ಶುಚಿತ್ವವನ್ನು ಮೆಚ್ಚದಿರಲು ಸಾಧ್ಯವಿಲ್ಲ. ನನ್ನ ಆಕ್ಷೇಪವಿರುವುದು ಪ್ರಯೋಗದಿಂದ ಅರ್ಥಕ್ಕೆ ದಾಟುವ ಸೇತುವೆಯ ಬಗೆಗೆ. ಯೀಸ್ಟಿನ ಸಮರೂಪಿ ವರ್ಣತಂತುಗಳು ಹೀಗೆಯೇ ಒಂದನ್ನೊಂದು ಕೂಡುತ್ತವೆಂಬ ಚಿತ್ರವು ಪರೀಕ್ಷಾನಾಳದ ಈ ಜೋಡಣೆಯಿಂದ ಸಹಜವಾಗಿ ಮೂಡುತ್ತದೆ. ಆದರೆ ಕೂಡುವುದು ಬೇರೆ, ಗುರುತಿಸುವುದು ಬೇರೆ. ಗ್ವಾನೀನುಗಳ ಸಾಲು ಯೀಸ್ಟಿನ ಹದಿನಾರು ವರ್ಣತಂತುಗಳಲ್ಲಿ ಅಲ್ಲಲ್ಲಿ ಚದುರಿದೆ. ಚತುಷ್ಕಕ್ಕೆ ಬೇಕಾದುದು ಗ್ವಾನೀನು ಮಾತ್ರ. ಅದರ ಅಕ್ಕಪಕ್ಕದ ಬರಹ ಯಾವುದೆಂಬುದು ಅದಕ್ಕೆ ಬೇಕಾಗಿಲ್ಲ. ಹೀಗಿರುವಾಗ ಮೂರನೆಯ ವರ್ಣತಂತು ತನ್ನ ಸಮರೂಪಿಯನ್ನು ಬಿಟ್ಟು ಏಳನೆಯದರೊಡನೆ ಕೂಡದಂತೆ ತಡೆಯುವುದೇನು? ಗುರುತಿಸುವ ಕಾರ್ಯಕ್ಕೆ ಬರಹವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿನೋಡುವ ಉಪಾಯ ಬೇಕು. ತುಂಡಾದ ತುದಿಯ ಒಂಟಿಯೆಳೆಯನ್ನು ಹೊತ್ತು ಹುಡುಕುವ ರ‍್ಯಾಡ್-51, ಡಿ.ಎಂ.ಸಿ.-1 ಎಂಬ ಪ್ರೋಟೀನುಗಳಲ್ಲಿ ಅದಿದೆ. ಹಾಪ್-1 ಇಲ್ಲದ ಕಣದಲ್ಲಿ ಜೋಡಣೆ ಕೆಡುತ್ತದೆಂಬುದನ್ನು ಚತುಷ್ಕದ ಪರವಾದ ಸಾಕ್ಷ್ಯವಾಗಿ ಹಿಡಿಯಲಾಗದು. ಅಂಥ ಕಣದಲ್ಲಿ ತುಂಡಾಗುವ ಸ್ಥಾನಗಳೇ ಬಹಳ ಕಡಿಮೆಯಾಗುತ್ತವೆ; ಅಲ್ಲದೆ ಹಾಪ್-1 ಫಾಸ್ಫೇಟನ್ನು ಪಡೆದು ದುರಸ್ತಿಯನ್ನು ಸೋದರಿ ಎಳೆಯ ಕಡೆಗೆ ಹೋಗದಂತೆ ತಡೆಯುತ್ತದೆಂಬುದು 2008ರಲ್ಲಿ ಸ್ಪಷ್ಟವಾಗಿದೆ. ಕೊರತೆಯನ್ನು ವಿವರಿಸಲು ಇವೆರಡೇ ಸಾಕಾಗುವಂತಿವೆ.

ಎರಡನೆಯ ಮಾತು ಇನ್ನೂ ಸರಳವಾದುದು. ಕಣದೊಳಗೆ ಡಿ.ಎನ್.ಎ. ಬತ್ತಲೆಯಾಗಿರುವುದಿಲ್ಲ, ಹಿಸ್ಟೋನು ಪ್ರೋಟೀನುಗಳ ಉಂಡೆಗೆ ಒಂದೊಂದಕ್ಕೂ ಸುಮಾರು 147 ಅಕ್ಷರಜೋಡಿಯಷ್ಟು ಸುತ್ತಿಕೊಂಡಿರುತ್ತದೆ. 2024ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನವು ಹಾಪ್-1ರ ನಡುಭಾಗವು ಇಂಥ ಉಂಡೆಯ ಮೇಲೆ ಬಾಗಿದ ಡಿ.ಎನ್.ಎ.ಯನ್ನೇ ಹಿಡಿಯುವುದನ್ನು ಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡುಕೊಂಡಿತು. ಹಿಡಿಯುವ ಭಾಗದಲ್ಲಿ ಬೆಂಗಳೂರಿನವರು ಒತ್ತಿ ಹೇಳಿದ ಸತುವಿನ ಬೆರಳೂ ಸೇರಿದೆ!

ಇಲ್ಲಿ ನ್ಯಾಯ ತಪ್ಪಬಾರದು. ಆ ಬೆರಳಿನಲ್ಲಿ 371ನೆಯ ಸ್ಥಾನದ ಸಿಸ್ಟೀನನ್ನು ಸೆರೀನಾಗಿ ಬದಲಿಸಿದರೆ ಪ್ರೋಟೀನು ನಿಷ್ಪ್ರಯೋಜಕವಾಗುತ್ತದೆಂಬುದನ್ನು ಮುನಿಯಪ್ಪನವರ ಬಳಗ ಎಷ್ಟೋ ಮೊದಲೇ ಡಿ.ಎನ್.ಎ. ಹಿಡಿಯುವ ಶಕ್ತಿಯೊಡನೆ ಕೂಡಿಸಿ ಓದಿತ್ತು. ಸೂಕ್ಷ್ಮದರ್ಶಕವು ಕಂಡುದು ಆ ಭಾಗದ ಮಹತ್ವವನ್ನು ಅಲ್ಲಗಳೆಯುವುದಿಲ್ಲ. ಅದು ಹಿಡಿಯುವ ವಸ್ತು ಯಾವುದೆಂಬುದನ್ನು ತಿದ್ದುತ್ತದೆ. ಕೈ ಅದೇ, ಹಿಡಿದ ವಸ್ತು ಬೇರೆ. ಪರದೇಶದ ವಿಮರ್ಶಕರು ಇಂಥ ಪರೀಕ್ಷಾನಾಳದ ಫಲಿತಾಂಶಗಳನ್ನು ಒಂದು ವಾಕ್ಯದಲ್ಲಿ ಬದಿಗೊತ್ತುವ ವಾಡಿಕೆಯಿದೆ. ಅದೂ ನನಗೆ ಒಪ್ಪಿಗೆಯಾಗದು. ಪ್ರೋಟೀನಿನ ಸಾಮರ್ಥ್ಯವೇನೆಂದು ತಿಳಿಯದೆ ಕಣವು ಅದರಿಂದ ಮಾಡಿಸಿಕೊಳ್ಳುವ ಕೆಲಸವೇನೆಂದು ಕೇಳುವುದಾದರೂ ಹೇಗೆ?

ಬೇಕಾಗಿರುವ ಪ್ರಯೋಗ ಕಷ್ಟವಾದರೂ ಅಸಾಧ್ಯವಲ್ಲ. ಹಾಪ್-1ನ್ನು ಮುಟ್ಟದೆ, ಯೀಸ್ಟಿನ ಒಂದು ವರ್ಣತಂತುವಿನ ಗೊತ್ತಾದ ಭಾಗದಲ್ಲಿ ಗ್ವಾನೀನುಗಳ ಸಾಲುಗಳನ್ನು ಅಳಿಸಿ, ಅಲ್ಲಿ ತುಂಡಾಗುವಿಕೆಯ ಪ್ರಮಾಣವೂ ಸಮರೂಪಿಯಿಂದ ಆಗುವ ದುರಸ್ತಿಯ ಪ್ರಮಾಣವೂ ಬದಲಾಗುತ್ತವೆಯೇ ಎಂದು ಪ್ರತ್ಯೇಕವಾಗಿ ಅಳೆಯಬೇಕು. ಮೊದಲನೆಯದು ಮೊದಲಿನಷ್ಟೇ ಇದ್ದು ಎರಡನೆಯದು ಕುಗ್ಗಿದರೆ ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ತರಗತಿಯಲ್ಲಿ 2004ರ ಫಲಿತಾಂಶವನ್ನು ಹೇಳುವಾಗ ‘ಹಾಪ್-1 ಹೀಗೆ ಮಾಡಬಲ್ಲದು’ ಎಂದೇ ಹೇಳುತ್ತೇನೆ. ‘ಹೀಗೆ ಮಾಡುತ್ತದೆ’ ಎಂದು ಬರೆದುಕೊಂಡ ವಿದ್ಯಾರ್ಥಿಯ ಪುಸ್ತಕದಲ್ಲಿ ಆ ಕ್ರಿಯಾಪದವನ್ನು ತಿದ್ದಿಸುತ್ತೇನೆ.