ಕಾರ್ಡಿನ ಗೆರೆಯನ್ನು ಎಷ್ಟು ನಂಬಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬರ ಕಂಡ ಸೀಮೆ. ನಲ್ಲಿಯಲ್ಲಿ ನೀರು ಬಂದಾಗ ಡ್ರಮ್ಮು, ತೊಟ್ಟಿ ತುಂಬಿಟ್ಟುಕೊಳ್ಳದೆ ಇಲ್ಲಿ ಸಂಸಾರ ನಡೆಯದು. ಆ ತಿಳಿನೀರಿನಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಜ್ವರ ಬಂದವರು ಲ್ಯಾಬಿಗೆ ಹೋಗಿ ಡೆಂಗಿ ಕಾರ್ಡ್ ಟೆಸ್ಟ್ ಮಾಡಿಸುವುದು ಸರಿಯೇ. ಆ ಕಾರ್ಡನ್ನು ನಾವು ಓದುವ ರೀತಿ ಮಾತ್ರ ಸರಿಯಿಲ್ಲ.

ಕಾರ್ಡಿನ ಕೆಲಸ ನಿಜಕ್ಕೂ ಸೊಗಸಾದದ್ದು. ಡೆಂಗಿ ವೈರಸ್ ಹೊಕ್ಕ ಜೀವಕೋಶಗಳು ಎನ್‌ಎಸ್‌1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಕಾರ್ಡು ಹುಡುಕುವ ಪ್ರತಿಜನಕ ಅದೇ. ಅದಕ್ಕೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಕೂಡಿಸಿ ಕಾರ್ಡಿನೊಳಗೆ ಇಟ್ಟಿರುತ್ತಾರೆ. ರಕ್ತದ ತಿಳಿಭಾಗವಾದ ಸೀರಮ್ ಕಾರ್ಡಿನಲ್ಲಿ ಹರಿಯುತ್ತಾ ಹೋದಂತೆ ಎನ್‌ಎಸ್‌1 ಆ ಕಣಗಳಿಗೆ ಸಿಕ್ಕಿಬೀಳುತ್ತದೆ. ‘ಟಿ’ ಗೆರೆಯ ಜಾಗದಲ್ಲಿರುವ ಇನ್ನೊಂದು ಪ್ರತಿಕಾಯ ಅದನ್ನು ಮತ್ತೊಂದು ಬದಿಯಿಂದ ಹಿಡಿದು ನಿಲ್ಲಿಸುತ್ತದೆ. ಕಣಗಳು ಒಟ್ಟಾದಾಗ ಕೆಂಪು ಗೆರೆ ಮೂಡುತ್ತದೆ. ಕಾರ್ಡು ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ‘ಸಿ’ ಗೆರೆಯೇ ಬಾರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. 1971ರಲ್ಲಿ ಬಂದ ಎಲಿಸಾ ಪರೀಕ್ಷೆಯದೂ ಇದೇ ತತ್ವ. ಅಲ್ಲಿ ಚಿನ್ನದ ಬದಲು ಕಿಣ್ವ ಬಣ್ಣ ತರುತ್ತದೆ, ಆ ಬಣ್ಣವನ್ನು ಯಂತ್ರ ಅಳೆಯುತ್ತದೆ. ಅದಕ್ಕೆ ಗಂಟೆಗಳೇ ಬೇಕು, ಕಾರ್ಡಿಗೆ ಇಪ್ಪತ್ತು ನಿಮಿಷ ಸಾಕು.

ತೊಡಕಿರುವುದು ದಿನದ ಲೆಕ್ಕದಲ್ಲಿ. ಜ್ವರದ ಮೊದಲ ಐದು ದಿನ ಎನ್‌ಎಸ್‌1 ಹುಡುಕುವ ಕಾಲ. ಆಮೇಲೆ ಅದು ಇಳಿಯುತ್ತದೆ, ದೇಹವೇ ತಯಾರಿಸಿದ ಐಜಿಎಂ ಪ್ರತಿಕಾಯವನ್ನು ನೋಡಬೇಕಾಗುತ್ತದೆ. ಎರಡನೇ ಸಲ ಡೆಂಗಿ ಬಂದವರಲ್ಲಿ ಹಳೆಯ ಪ್ರತಿಕಾಯಗಳೇ ಎನ್‌ಎಸ್‌1ಗೆ ಮೊದಲು ಅಂಟಿಕೊಂಡು, ಅದು ಕಾರ್ಡಿಗೆ ಸಿಗದಂತೆ ಮಾಡಬಲ್ಲವು. ಅಪಾಯ ಹೆಚ್ಚಿರುವುದೂ ಇವರಿಗೇ! ಹಾಗಿರುವಾಗ ‘ನೆಗೆಟಿವ್’ ಎಂಬ ಒಂದೇ ಪದ ನೋಡಿ ನಿಶ್ಚಿಂತರಾಗುವುದು, ‘ಪಾಸಿಟಿವ್’ ಎಂದೊಡನೆ ಎಲಿಸಾ ಇಲ್ಲದೆ ಖಚಿತವೆನ್ನುವುದು ಎರಡೂ ತಪ್ಪು. ರಾಷ್ಟ್ರೀಯ ಮಾರ್ಗಸೂಚಿಯೂ ಖಚಿತಪಡಿಸಲು ಎಲಿಸಾವನ್ನೇ ಕೇಳುತ್ತದೆ.

2024ರ ಜುಲೈನಲ್ಲಿ ರಾಜ್ಯ ಸರ್ಕಾರ ಎನ್‌ಎಸ್‌1 ಮತ್ತು ಐಜಿಎಂ ಎಲಿಸಾಗೆ ತಲಾ 300 ರೂಪಾಯಿ, ಕಾರ್ಡಿಗೆ 250 ರೂಪಾಯಿ ಮಿತಿ ಹಾಕಿತು. ಒಳ್ಳೆಯ ಹೆಜ್ಜೆ. ಆದರೆ ದರ ಕಟ್ಟಿದರೆ ಸಾಲದು, ತಾಲ್ಲೂಕು ಆಸ್ಪತ್ರೆಯಲ್ಲೇ ಎಲಿಸಾ ಸಿಗಬೇಕು. ಪ್ರತಿ ರಿಪೋರ್ಟಿನಲ್ಲೂ ಜ್ವರ ಶುರುವಾದ ದಿನಾಂಕ ಇರಬೇಕು. ಲ್ಯಾಬಿನವರು ಕೇಳದಿದ್ದರೆ ನೀವೇ ಹೇಳಿ ಬರೆಸಿ. ಜ್ವರ ಇಳಿದ ಮೇಲೆ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕಾರ್ಡು ಏನೇ ಹೇಳಿರಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ.