ಎರಡು ಸೆಕೆಂಡು

ಮುಷ್ಟಿಯುದ್ಧ ನೋಡುವ ಹೆಂಗಸು ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ನಗುತ್ತಾರೆ. ನಗಲಿ. ಮಗ ಇಂಜಿನಿಯರಿಂಗ್ ಓದುವಾಗ ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ಹಾಕಿಕೊಂಡು ಕೂರುತ್ತಿದ್ದ. ಗದರಿಸಲು ಹೋದವಳು ಪಕ್ಕದಲ್ಲೇ ಕುಳಿತುಬಿಟ್ಟೆ. ಅವನೀಗ ಬೇರೆ ಊರಿನಲ್ಲಿದ್ದಾನೆ, ಹುಚ್ಚು ನನ್ನಲ್ಲಿ ಉಳಿದಿದೆ. ಆ ಹುಚ್ಚಿನ ಹೆಸರು ಹೂಲಿಯೊ ಸೇಸರ್ ಚಾವೆಸ್, ಮೆಕ್ಸಿಕೊದವನು.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮುಷ್ಟಿಯಲ್ಲ, ಅವನ ತಾಯಿ. ಕುಲಿಯಾಕಾನ್ ಎಂಬ ಊರಿನಲ್ಲಿ, ತಂದೆಗೆ ರೈಲ್ವೆಯಲ್ಲಿ ಕೆಲಸ, ಹಳೆಯ ರೈಲು ಡಬ್ಬಿಯೇ ಮನೆ, ಅದರ ತುಂಬ ಮಕ್ಕಳು. ತಾಯಿ ಕಂಡವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದರು. ಆಕೆಗೊಂದು ಮನೆ ಕೊಡಿಸಿ ಆ ಕೆಲಸ ಬಿಡಿಸಬೇಕೆಂದೇ ಹುಡುಗ ಗ್ಲೌಸ್ ಹಾಕಿದನಂತೆ. 1980ರಲ್ಲಿ ಹಣಕ್ಕಾಗಿ ಆಡಲು ಇಳಿದಾಗ ವಯಸ್ಸು 17. ಅಲ್ಲಿಂದ 1994ರ ಜನವರಿಯವರೆಗೆ ಸೋಲೆಂಬುದೇ ಇಲ್ಲ.

ಅವನ ಪಂದ್ಯಗಳಲ್ಲಿ ಕಸುಬು ಕಲಿಯಬೇಕೆನ್ನುವವರಿಗೆ ನಾನು ತೋರಿಸುವುದು 1987ರ ನವೆಂಬರಿನಲ್ಲಿ ಎಡ್ವಿನ್ ರೊಸಾರಿಯೊ ಜೊತೆ ಆಡಿದ್ದನ್ನು. ರೊಸಾರಿಯೊ ಬಲವಾದ ಏಟಿನವನು, ಚಾವೆಸ್ ಕೆಳಗಿನ ತೂಕದಿಂದ ಮೇಲೆ ಬಂದವನು. ಇಂಥವನೆದುರು ದೂರ ನಿಲ್ಲುವುದು ಲೋಕರೂಢಿ. ಇವನು ಎದೆಗೆ ಹಣೆ ಹಚ್ಚುವಷ್ಟು ಹತ್ತಿರ ಹೋಗಿ ನಿಂತ. ದೊಡ್ಡ ಏಟಿಗೆ ಕೈ ಬೀಸಲು ಜಾಗ ಬೇಕಲ್ಲವೆ? ಆ ಜಾಗವನ್ನೇ ಕೊಡಲಿಲ್ಲ. ನಡುನಡುವೆ ಎದುರಾಳಿಯ ಬಲಪಕ್ಕೆಲುಬಿನ ಕೆಳಗೆ, ಲಿವರ್ ಇರುವಲ್ಲಿಗೆ, ಎಡಗೈ ಹಾಕುತ್ತ ಹೋದ. ಅವಸರವಿಲ್ಲ, ಸಿಟ್ಟೂ ಇಲ್ಲ. ಹಿಟ್ಟು ನಾದುವವರ ತಾಳ್ಮೆ. ಹನ್ನೊಂದನೆಯ ಸುತ್ತಿಗೆ ರೊಸಾರಿಯೊನ ಒಂದು ಕಣ್ಣು ಮುಚ್ಚಿಹೋಗಿತ್ತು, ಪಂದ್ಯ ನಿಂತಿತು. ಮೊದಲ ಸಲ ನೋಡಿದಾಗ ಮುಖ ತಿರುಗಿಸಿದ್ದೆ. ಮೂರನೆಯ ಸಲ ಅವನ ಪಾದಗಳನ್ನು ಮಾತ್ರ ನೋಡಿದೆ. ಗುಟ್ಟು ಅಲ್ಲಿದೆ.

ಅಭಿಮಾನಿಗಳು 1993ರಲ್ಲಿ ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಗ್ರೆಗ್ ಹಾಗೆನ್ ಜೊತೆ ನಡೆದದ್ದನ್ನು ಹೇಳದೆ ಬಿಡುವುದಿಲ್ಲ. ನೋಡಲು 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಚಾವೆಸ್ ಇದುವರೆಗೆ ಸೋಲಿಸಿದ್ದು ಟ್ಯಾಕ್ಸಿ ಡ್ರೈವರುಗಳನ್ನು ಎಂದು ಹಾಗೆನ್ ಮೊದಲು ಹಂಗಿಸಿದ್ದ. ಐದನೆಯ ಸುತ್ತಿನಲ್ಲಿ ಎಲ್ಲ ಮುಗಿದ ಮೇಲೆ, ಆ ಡ್ರೈವರುಗಳು ಗಟ್ಟಿಗರೇ ಇದ್ದಿರಬೇಕು ಎಂದನಂತೆ. ಜಾತ್ರೆಯಾಗಿ ಚೆನ್ನ, ಪಂದ್ಯವಾಗಿ ಸಾಧಾರಣ.

ಎಲ್ಲರ ಬಾಯಲ್ಲಿರುವುದು 1990ರ ಮಾರ್ಚ್ 17ರ ಲಾಸ್ ವೇಗಾಸ್ ಪಂದ್ಯ. ಎದುರಿಗೆ ಮೆಲ್ಡ್ರಿಕ್ ಟೇಲರ್, 1984ರ ಒಲಿಂಪಿಕ್ ಚಿನ್ನದವನು, ಮಿಂಚಿನ ಕೈ. ಹನ್ನೊಂದು ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಅವನೇ ಬಹಳ ಮುಂದೆ. ಆದರೆ ಮುಖ ಊದಿಕೊಂಡಿದೆ, ನುಂಗುತ್ತಿರುವುದು ತನ್ನದೇ ರಕ್ತ. ಕೊನೆಯ ಸುತ್ತಿನ ಕೊನೆಯಲ್ಲಿ ಚಾವೆಸ್‌ನ ಬಲಗೈ ತಾಗಿ ಬಿದ್ದ. ಎದ್ದ. ರೆಫರಿ ರಿಚರ್ಡ್ ಸ್ಟೀಲ್ ಎರಡು ಸಲ, ನೀನು ಸರಿಯಿದ್ದೀಯಾ ಎಂದು ಕೇಳಿದರು. ಉತ್ತರ ಬರಲಿಲ್ಲ. ಪಂದ್ಯ ನಿಲ್ಲಿಸಿದರು. ಗಡಿಯಾರದಲ್ಲಿ ಉಳಿದಿದ್ದದ್ದು ಎರಡೇ ಸೆಕೆಂಡು.

ಗೆದ್ದವನು ನನ್ನವನು. ಆದರೂ ಇದನ್ನು ಅವನ ಅತ್ಯುತ್ತಮ ಪಂದ್ಯವೆಂದು ಕರೆಯಲು ನಾಲಗೆ ಬಾರದು. ಇಲ್ಲಿ ನಾನು ನೋಡುವುದು ಅವನನ್ನಲ್ಲ, ಸ್ಟೀಲ್ ಅವರನ್ನು. ಅಂದಿನಿಂದ ಇಂದಿನವರೆಗೆ ಅವರನ್ನು ಬೈಯುವವರಿಗೆ ಲೆಕ್ಕವಿಲ್ಲ. ತಾನು ನೋಡಬೇಕಾದ್ದು ಗಡಿಯಾರವನ್ನಲ್ಲ, ಮನುಷ್ಯನನ್ನು ಎಂಬುದು ಅವರ ವಾದ.

ಹಲವು ವರ್ಷಗಳ ಹಿಂದೆ ಪರೀಕ್ಷಾ ಕೊಠಡಿಯಲ್ಲಿ ನಾನಿದ್ದಾಗ ಜ್ವರದ ಹುಡುಗಿಯೊಬ್ಬಳ ಕಣ್ಣು ತೇಲತೊಡಗಿತು. ಎರಡು ಸಲ ಕೇಳಿದೆ, ಉತ್ತರವಿಲ್ಲ. ಗಂಟೆಗೆ ಹತ್ತು ನಿಮಿಷವಿರುವಾಗ ಪೇಪರ್ ತೆಗೆದುಕೊಂಡು ಆಸ್ಪತ್ರೆಗೆ ಕಳಿಸಿದೆ. ಆ ವಿಷಯದಲ್ಲಿ ಅವಳು ನಾಲ್ಕು ಅಂಕಕ್ಕೆ ಫೇಲಾದಳು. "ಹತ್ತು ನಿಮಿಷ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಟೀಚರ್?" ಎಂದು ಅವಳಮ್ಮ ಶಾಲೆಯ ಗೇಟಿನಲ್ಲಿ ಕೇಳಿದರು. ನನ್ನ ಬಳಿ ಮಾತಿರಲಿಲ್ಲ. ಟೇಲರ್ ವರ್ಷಗಳ ನಂತರ ಕೊಟ್ಟ ಸಂದರ್ಶನಗಳಲ್ಲಿ ಮಾತು ತೊದಲುತ್ತದೆ. ಅದನ್ನು ಕೇಳಿದ ದಿನ ಸ್ಟೀಲ್ ಅವರ ಮೇಲಿದ್ದ ಅರೆಮನಸ್ಸಿನ ಅನುಮಾನವನ್ನು ಬಿಟ್ಟೆ. ನನ್ನ ಮೇಲಿನದು ಪೂರ್ತಿ ಹೋಗಿಲ್ಲ.

ಹಾಗಾದರೆ ನನ್ನ ಮೆಚ್ಚಿನದು ಯಾವುದು? ರೊಸಾರಿಯೊ ಪಂದ್ಯವೇ. ಆದರೆ ಮೆಚ್ಚುವವರಿಗೇ ಪರೀಕ್ಷೆಯಾಗುವ ಪಂದ್ಯ ಇನ್ನೊಂದಿದೆ: 1993ರ ಸೆಪ್ಟೆಂಬರಿನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಪರ್ನೆಲ್ ವಿಟೇಕರ್ ಜೊತೆಗಿನದು. ವಿಟೇಕರ್ ಎಡಚ, ಜಾರುವ ಮೀನು. ರೊಸಾರಿಯೊನಿಗೆ ಕೊಡದ ಜಾಗವನ್ನು ಚಾವೆಸ್ ಇಲ್ಲಿ ತಾನೇ ಹುಡುಕಿಕೊಂಡು ತಿರುಗಿದ. ಇಬ್ಬರು ತೀರ್ಪುಗಾರರು ಸಮಸಮ ಎಂದರು, ಒಬ್ಬರು ವಿಟೇಕರ್‌ಗೆ ಕೊಟ್ಟರು. ಲೆಕ್ಕಕ್ಕೆ ಡ್ರಾ. ಅಭಿಮಾನಿಗಳು ಈ ಪಂದ್ಯದ ಮಾತು ಬಂದರೆ ಕಾಫಿ ತರಲು ಏಳುತ್ತಾರೆ.

ನಾನು ಏಳಲಿಲ್ಲ. ಗೆದ್ದವನಿಗೆ 10, ಸೋತವನಿಗೆ 9 ಎಂದು ಸುತ್ತುಸುತ್ತಿಗೂ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡೆ. ವಿಟೇಕರ್ 116, ಚಾವೆಸ್ 112. ಮಗನಿಗೆ ಫೋನಿನಲ್ಲಿ ಹೇಳಿದೆ. "ಅಮ್ಮಾ, ನೀನು ನಮ್ಮ ಕಡೆಯವಳಲ್ವಾ?" ಎಂದ. ಮತ್ತೊಮ್ಮೆ ಕೂಡಿ ನೋಡಿದೆ. ಅಷ್ಟೇ ಬಂತು.