ದ್ರವ ಮದ್ಯಸಾರಗಳ ಅಣುಚಲನೆಯೂ ‘ವಿಶ್ರಾಂತಿ’ ಶಬ್ದದ ಔಚಿತ್ಯವೂ

ಬೈಜಿಕ ಕಾಂತೀಯ ಅನುರಣನದ ವಿಷಯವಾಗಿ ಕನ್ನಡದಲ್ಲಿ ಬರೆಯಹೊರಟವರಿಗೆ ‘ರಿಲ್ಯಾಕ್ಸೇಷನ್’ ಎಂಬುದನ್ನು ‘ವಿಶ್ರಾಂತಿ’ ಎನ್ನಲು ಮನಸ್ಸಾಗುವುದು ಸಹಜ. ಶಬ್ದವು ಕಿವಿಗೆ ಇಂಪಾಗಿದೆ. ವಸ್ತುವಿಗೆ ಮಾತ್ರ ವಿರುದ್ಧವಾಗಿದೆ.

ಹೈಡ್ರೋಜನ್ನಿನ ಬೀಜವಾದ ಪ್ರೋಟಾನು ಒಂದು ಸೂಕ್ಷ್ಮವಾದ ಅಯಸ್ಕಾಂತ. ಪ್ರಬಲ ಕಾಂತಕ್ಷೇತ್ರದಲ್ಲಿ ಅದು ಬುಗುರಿಯಂತೆ ಓಲಾಡುತ್ತ ತಿರುಗುವುದು. ತಕ್ಕ ಆವೃತ್ತಿಯ ರೇಡಿಯೋ ತರಂಗವನ್ನು ತಗುಲಿಸಿದರೆ ಬೀಜಸಮೂಹವು ಸಮತೆಯಿಂದ ಚ್ಯುತವಾಗಿ, ತರಂಗವು ನಿಂತ ಬಳಿಕ ಮರಳಿ ಸಮತೆಯನ್ನು ಪಡೆಯುವುದು. ಮರಳಿಸುವವರಾರು? ಸುತ್ತಲಿನ ಅಣುಗಳ ಎಡೆಬಿಡದ ಉರುಳಾಟವೇ. ಅಣುಗಳು ನಿಜವಾಗಿ ವಿಶ್ರಮಿಸಿದರೆ ಬೀಜಗಳಿಗೆ ಈ ‘ವಿಶ್ರಾಂತಿ’ಯೇ ದೊರೆಯದು!

1948ರಲ್ಲಿ ಬ್ಲೂಂಬರ್ಗೆನ್, ಪರ್ಸೆಲ್, ಪೌಂಡ್ ಎಂಬ ಮೂವರು ಇದನ್ನು ಗ್ಲಿಸರಿನ್ನಿನಲ್ಲಿ ತೋರಿಸಿದರು. ಅದೂ ಒಂದು ಮದ್ಯಸಾರವೇ. ಬಿಸಿಯಾದ ಗ್ಲಿಸರಿನ್ನನ್ನು ತಣಿಸುತ್ತ ಹೋದಂತೆ ಮರಳುವ ಕಾಲವು ಕಡಿಮೆಯಾಗುತ್ತದೆ. ಉರುಳಾಟದ ವೇಗವೂ ತರಂಗದ ಆವೃತ್ತಿಯೂ ಸರಿಹೊಂದುವಲ್ಲಿ ಕನಿಷ್ಠವಾಗಿ, ದ್ರವವು ಇನ್ನೂ ಗಟ್ಟಿಯಾದಂತೆ ಮತ್ತೆ ಹೆಚ್ಚುತ್ತದೆ. ತೆಳುವಾದ ಇಥೈಲ್ ಮದ್ಯಸಾರದ ಅಣುಗಳು ಅತಿ ವೇಗವಾಗಿ ಉರುಳುವುದರಿಂದ ಅಲ್ಲಿ ಮರಳುವುದಕ್ಕೆ ಸೆಕೆಂಡುಗಳೇ ಬೇಕು. ಗ್ಲಿಸರಿನ್ನಿನ ಅಣುವಿಗಾದರೋ ಮೂರು ಹೈಡ್ರಾಕ್ಸಿಲ್‌ಗಳ ಬಂಧ. ಅಲ್ಲಿ ಸೆಕೆಂಡಿನ ಕೆಲವೇ ಶತಾಂಶಗಳು ಸಾಕು.

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯನು ಪೂರ್ವಾಭಿಮುಖನಾಗಿಯೂ ನರಸಿಂಹನು ಪಶ್ಚಿಮಾಭಿಮುಖನಾಗಿಯೂ ಇರುವುದರಿಂದ, ಭಕ್ತರು ನರಸಿಂಹನನ್ನು ಹಿಂಬದಿಯ ಕನ್ನಡಿಯಲ್ಲಿ ಕಾಣತಕ್ಕದ್ದಾಗಿದೆ. ಅಣುಚಲನೆಯನ್ನೂ ಹೀಗೆಯೇ ಬೀಜಗಳ ಮರಳುವಿಕೆಯೆಂಬ ಕನ್ನಡಿಯಲ್ಲಿ ಕಾಣುವರೆಂದು ಹೇಳಬಹುದು. ಆದರೆ ದೃಷ್ಟಾಂತವು ಪೂರ್ಣವಲ್ಲ: ಕನ್ನಡಿಯಲ್ಲಿ ಪ್ರತ್ಯಕ್ಷ, ಇಲ್ಲಿ ಅನುಮಾನ. ಕನಿಷ್ಠದ ಎರಡು ಪಕ್ಕಗಳಲ್ಲಿಯೂ ಮರಳುವ ಕಾಲವು ಒಂದೇ ಆಗಿರಬಹುದಾದುದರಿಂದ, ಒಂದೇ ಅಳತೆಯು ವೇಗದ ಉರುಳಾಟವನ್ನು ಸೂಚಿಸುವುದೋ ಮಂದವಾದುದನ್ನೋ ಹೇಳಲಾಗದು. ತಾರ್ಕಿಕರು ಇಂತಹ ಹೇತುವನ್ನು ಅನೈಕಾಂತಿಕವೆನ್ನುವರು. ದೋಷಪರಿಹಾರಕ್ಕಾಗಿ ಉಷ್ಣತೆಯನ್ನು ಬದಲಿಸಬೇಕು. ಇಲ್ಲವೆ ಒಟ್ಟಾಗಿ ತಿರುಗುತ್ತಿದ್ದ ಬೀಜಗಳು ಪರಸ್ಪರ ಹೆಜ್ಜೆ ತಪ್ಪುವ ಎರಡನೆಯ ಕಾಲವನ್ನೂ ಅಳೆಯಬೇಕು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು 1951ರಲ್ಲಿಯೇ ಹರಿಯುವ ದ್ರವಗಳ ಬೈಜಿಕ ಅನುರಣನವನ್ನು ಕುರಿತು ಬರೆದರು. ನಿಂತ ದ್ರವದಲ್ಲಿ ಬೀಜಗಳು ತರಂಗದಿಂದ ತೃಪ್ತವಾಗಿ ಸಂಕೇತವು ಕುಗ್ಗುವುದು. ಹರಿವು ಹೊಸ ಬೀಜಗಳನ್ನು ತಂದು ಅದನ್ನು ಹೆಚ್ಚಿಸುವುದು. ಹಾಗಾದರೆ ಬಳಲಿದ ಬೀಜಗಳಿಗೆ ‘ವಿಶ್ರಾಂತಿ’ ಎಂದರೇನು ಬಾಧಕವೆಂದು ಕೆಲವರು ಕೇಳಬಹುದು. ಲಕ್ಷಣೆಯಿಂದ ಸಲ್ಲುವುದೇನೋ ನಿಜ. ಆದರೆ ಪರಿಭಾಷೆಯಲ್ಲಿ ವಾಚ್ಯಾರ್ಥವೇ ವಿದ್ಯಾರ್ಥಿಯ ಆಧಾರ, ಅದು ಇಲ್ಲಿ ಅವನನ್ನು ದಾರಿ ತಪ್ಪಿಸುವುದು. ‘ಶಿಥಿಲೀಕರಣ’ವಂತೂ ವಿಚಾರಕ್ಕೇ ಯೋಗ್ಯವಲ್ಲ.

ಪೂರ್ವಸ್ಥಿತಿಗೆ ಮರಳುವುದೆಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ‘ಪ್ರತ್ಯಾಪತ್ತಿ’ ಎಂಬ ಶಬ್ದವುಂಟು. ಕಠಿನವೆನಿಸಿದರೆ ‘ಮರಳಿಕೆ’ ಎಂಬ ಅಚ್ಚಗನ್ನಡ ಪದವನ್ನೇ ಬಳಸಬಹುದು. ಎರಡನೆಯ ಕಾಲಕ್ಕೆ ಮಾತ್ರ ಇವೆರಡೂ ಸಲ್ಲವು. ಅಲ್ಲಿ ನಡೆಯುವುದು ಬೀಜಗಳ ಒಗ್ಗಟ್ಟಿನ ಭಂಗ. ಅದನ್ನು ‘ಚೆದರಿಕೆ’ ಎಂದು ಬೇರೆಯಾಗಿಯೇ ಕರೆಯತಕ್ಕದ್ದು.